ಅಪ್ಪನ ಅಚ್ಚು, ಹುಡುಗನ ಹಲಗೆ

ಉದ್ದದ ಪೋಸ್ಟ್ ಇದು. ಬಿಡುವಾದಾಗ ಓದಿ.

ಫೋಟೊದಲ್ಲಿ ನನ್ನ ಪಕ್ಕ ಗೋಡೆಗೆ ಒರಗಿಸಿರೋದು ಇಸ್ತ್ರಿ ಟೇಬಲ್ ಅಲ್ಲ, ದೋಣಿಯೂ ಅಲ್ಲ. ನಮ್ಮ ಕಾಲನಿಯಲ್ಲಿ ನಾಲ್ಕು ದಿನ ಎಲ್ಲರೂ ಕೇಳಿದ್ದು ಇದನ್ನೇ. ಮೇಲಿನ ಸಾಲಿನ ಅಜ್ಜ ಒಬ್ಬರು ಮಾತ್ರ ದನಿ ತಗ್ಗಿಸಿ, "ಯಾರು ಹೋದ್ರವ್ವ?" ಅಂದರು. ಹೆಣ ಮಲಗಿಸೋ ಹಲಗೆ ಅಂದುಕೊಂಡಿದ್ದರು ಪಾಪ.

ಅದು ಸರ್ಫ್ ಬೋರ್ಡ್. ಸಮುದ್ರದ ಅಲೆ ಮೇಲೆ ನಿಂತು ಜಾರೋ ಹಲಗೆ. ಏಳೂವರೆ ಅಡಿ ಉದ್ದ. ಮೂಡಿಗೆರೆಯಿಂದ ಸಮುದ್ರ ನೋಡಬೇಕಂದ್ರೆ ಚಾರ್ಮಾಡಿ ಘಾಟಿ ಇಳಿದು ಮೂರ್ನಾಲ್ಕು ಗಂಟೆ ಹೋಗಬೇಕು. ಅಂಥ ಊರಲ್ಲಿ, ನಮ್ಮ ಮನೆ ಹಿಂದಿನ ತಗಡಿನ ಶೀಟಿನ ಕೆಳಗೆ ಇದು ತಯಾರಾಯ್ತು. ಅದರ ಮೇಲೆ ನೀಲಿಯಲ್ಲಿ ಕಾಣ್ತಿರೋ ಚಕ್ರ, ಅದರ ಕೆಳಗಿನ ಎರಡು ಸಾಲು ಅಕ್ಷರ ನನ್ನ ಕೈಕೆಲಸ. ಸ್ಟಿಕ್ಕರ್ ಎಲ್ಲಿ ಮಾಡಿಸಿದ್ರಿ ಅಂತ ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರ ಕೊಡ್ತಿದೀನಿ. ಅದು ಸ್ಟಿಕ್ಕರ್ ಅಲ್ಲ. ಅಂಟಿಸಿದ್ದೂ ಅಲ್ಲ. ಆ ಕಥೆ ಹೇಳ್ಬೇಕಂದ್ರೆ ಅಪ್ಪನಿಂದ ಶುರು ಮಾಡ್ಬೇಕು.

ನಮ್ಮಪ್ಪ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಸೀಸನ್ ಕೂಲಿ. ತೋಟದಿಂದ ಬಂದ ಒಣ ಕಾಫಿಯ ಸಿಪ್ಪೆ ಸುಲಿದು, ಜರಡಿ ಹಿಡಿದು ಗಾತ್ರದ ಪ್ರಕಾರ ಬೇರೆ ಮಾಡಿ ಚೀಲ ತುಂಬೋ ಜಾಗ ಅದು. ಕಪ್ಪು ಬೀಜ, ಒಡಕು ಬೀಜ ಆರಿಸೋಕೆ ಹೆಂಗಸರು ಸಾಲಾಗಿ ಕೂರ್ತಿದ್ರು. ನಮ್ಮವ್ವನೂ ಎರಡು ಸೀಸನ್ ಕೂತಿದ್ದಾಳೆ. ಅಪ್ಪನ ಕೆಲಸ ಕೊನೆಯದು. ಹೊಲಿದು ನಿಲ್ಲಿಸಿದ ಗೋಣಿ ಚೀಲದ ಮೇಲೆ ತಗಡಿನ ಅಚ್ಚು ಇಟ್ಟು, ಕಪ್ಪು ಶಾಯಿಯ ಬ್ರಷ್ಷಿನಿಂದ ಕುಕ್ಕೋದು. ಪ್ಲಾಂಟೇಶನ್ ಎ, ಪ್ಲಾಂಟೇಶನ್ ಬಿ, ಪಿಬಿ, ರೊಬಸ್ಟಾ ಚೆರಿ ಎಬಿ. ಆಗೆಲ್ಲ ಕಾಫಿ ಬೋರ್ಡಿನ ಪೂಲ್ ಇತ್ತು. ಬೆಳೆದೋರು ಬೆಳೆಯನ್ನ ಬೋರ್ಡಿಗೇ ಕೊಡಬೇಕಿತ್ತು. ಆಮೇಲೆ ತೊಂಬತ್ತರ ದಶಕದಲ್ಲಿ ಮಾರಾಟ ಮುಕ್ತವಾಯ್ತು. ಆಗಿನಿಂದ ಒಬ್ಬೊಬ್ಬ ಧಣಿಯದೂ ಒಂದೊಂದು ಹೆಸರು, ಒಂದೊಂದು ಚಿತ್ರ. ಆನೆ, ನವಿಲು, ಬೆಟ್ಟ, ಎಲ್ಲಕ್ಕೂ ಅಚ್ಚು ಬಂತು.

ಅಪ್ಪನಿಗೆ ಓದೋಕೆ ಬರ್ತಿರ್ಲಿಲ್ಲ. ಆದ್ರೆ ಅಕ್ಷರ ಬರ್ತಿತ್ತು. ನಾನು ಹೇಳೋದು ಅರ್ಥ ಆಯ್ತಾ? ಅಚ್ಚಿನ ತಗಡು ಸವೆದಾಗ ಹೊಸದು ಕತ್ತರಿಸ್ತಿದ್ದೋನು ಅವನೇ. ಇಂಗ್ಲಿಷಿನ ಎ ಅಕ್ಷರವನ್ನ ಸುಮ್ಮನೆ ಕತ್ತರಿಸಿದ್ರೆ ಹೊಟ್ಟೆಯೊಳಗಿನ ತ್ರಿಕೋನ ಉದುರಿ ಹೋಗುತ್ತೆ. ಅದು ನಿಲ್ಲೋಕೆ ಸಣ್ಣ ಕೊಂಡಿ ಬಿಡ್ಬೇಕು. ಎಲ್ಲಿ ಕೊಂಡಿ ಬಿಟ್ರೆ ಅಕ್ಷರ ಕೆಡಲ್ಲ ಅನ್ನೋದು ಅಪ್ಪನಿಗೆ ಗೊತ್ತಿತ್ತು. ಆ ಅಕ್ಷರದ ಹೆಸರು ಮಾತ್ರ ಗೊತ್ತಿರ್ಲಿಲ್ಲ. ಒಬ್ಬ ಮನುಷ್ಯ ಅಷ್ಟು ವರ್ಷ ಬೇರೆಯವರ ಹೆಸರನ್ನ ತಪ್ಪಿಲ್ಲದೆ ಬರೆದ. ತನ್ನ ಹೆಸರಿಗೆ ಹೆಬ್ಬೆಟ್ಟು ಒತ್ತಿದ.

ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ, ಹಳೇ ಡಾಲ್ಡಾ ಡಬ್ಬಿ ಬಿಚ್ಚಿ ನನ್ನ ಹೆಸರಿನ ಅಚ್ಚು ಮಾಡಿದ. ಅಂಗನವಾಡಿ ಟೀಚರ್ ಹತ್ರ ಹೆಸರು ಬರೆಸ್ಕೊಂಡು ಬಂದು, ಅದನ್ನ ನೋಡಿ ಕತ್ತರಿಸಿದ್ದು. ನನ್ನ ಬಟ್ಟೆ ಚೀಲದ ಮೇಲೆ ಇಟ್ಟು ಕುಕ್ಕಿ ಕೊಟ್ಟ. ಎಷ್ಟು ಚಂದ ಬಂದಿತ್ತು ಅಂದ್ರೆ, ನಾನು ಚೀಲವನ್ನ ಬೆನ್ನಿಗೆ ಹಾಕ್ದೆ ಎದೆ ಮುಂದೆ ಹಿಡ್ಕೊಂಡು ಸ್ಕೂಲಿಗೆ ಹೋದೆ. ಅಲ್ಲಿ ಒಬ್ಬ ಮೇಷ್ಟ್ರು ನೋಡಿ ನಕ್ಕರು. "ಚೀಲದ ಮೇಲೆ ಹೆಸರು ಹಾಕಿಸ್ಕೊಳ್ಳೋಕೆ ನಿಮ್ಮಪ್ಪಂದು ಎಷ್ಟು ಎಕರೆ ಎಸ್ಟೇಟು?" ಇಡೀ ಕ್ಲಾಸು ನಕ್ತು. ಮನೆಗೆ ಬಂದು ಚೀಲ ಒಳಗಿನದು ಹೊರಗೆ ಮಾಡಿ ಹೊಲಿಸಿಕೊಂಡೆ. ಅಪ್ಪ ಯಾಕೆ ಅಂತ ಕೇಳ್ಲಿಲ್ಲ.

ಆ ತಗಡು ಈಗಲೂ ನನ್ನ ಹತ್ರ ಇದೆ. ತುಕ್ಕು ಹಿಡಿದಿದೆ.

ಚಿಕ್ಕಮಗಳೂರಲ್ಲಿ ಬಿ.ಎ. ಓದುವಾಗ ಸಂಘಟನೆಗೆ ಬಂದೆ. ಗೋಡೆ ಬರಹ ನನ್ನ ಪಾಲಿಗೆ ಬಂತು. ಅಕ್ಷರ ಚೆನ್ನಾಗಿದೆ ಅಂತ ಹುಡುಗರು ಏಣಿ ಹಿಡೀತಿದ್ರು, ನಾನು ಮೇಲೆ ಹತ್ತಿ ಬರೀತಿದ್ದೆ. ಆಮೇಲೆ ಸ್ಕ್ರೀನ್ ಪ್ರಿಂಟಿಂಗ್ ಕಲಿತ್ವಿ. ಮರದ ಚೌಕಟ್ಟಿಗೆ ಜಾಲರಿ ಬಟ್ಟೆ ಎಳೆದು ಕಟ್ಟೋದು, ಕತ್ತಲೆಯಲ್ಲಿ ಅದಕ್ಕೆ ಬೆಳಕು ತಾಗಿದ್ರೆ ಗಟ್ಟಿಯಾಗೋ ದ್ರಾವಣ ಸವರೋದು, ಮೇಲೆ ಚಿತ್ರದ ಫಿಲಂ ಇಟ್ಟು ಬೆಳಕು ಕೊಡೋದು. ಕಪ್ಪು ಇದ್ದ ಕಡೆ ಬೆಳಕು ತಾಗಲ್ಲ, ನೀರಲ್ಲಿ ತೊಳೆದ್ರೆ ಅಷ್ಟು ಜಾಗ ಮಾತ್ರ ತೆರೆದುಕೊಳ್ಳುತ್ತೆ. ಅದರ ಮೂಲಕ ರಬ್ಬರ್ ಪಟ್ಟಿಯಿಂದ ಶಾಯಿ ಎಳೀಬೇಕು. ಅಪ್ಪನ ತಗಡಿನ ಅಚ್ಚೂ ಇದೇ, ತೂತು ಮಾತ್ರ ಸಣ್ಣದು. ಏಪ್ರಿಲ್ 14ರ ಪೋಸ್ಟರು, ಡಿಸೆಂಬರ್ 6ರ ಕರಪತ್ರ ಎಲ್ಲ ಒಂದೇ ಕೋಣೆಯಲ್ಲಿ ರಾತ್ರಿಯೆಲ್ಲ ಹೊಡೀತಿದ್ವಿ. ಹಗ್ಗದ ಮೇಲೆ ಸಾಲಾಗಿ ಬಾಬಾಸಾಹೇಬರು ಒಣಗ್ತಿದ್ರು.

ಕೆಲಸ ಸಿಕ್ಕಿದ ಮೇಲೆ ಒಂದು ಸ್ಕೂಟರ್ ತಗೊಂಡೆ. ಮುಂದೆ ಒಂದು ನೀಲಿ ಚಕ್ರದ ಸ್ಟಿಕ್ಕರ್ ಅಂಟಿಸಿದೆ. ಸಂಜೆ ಆಫೀಸಿಂದ ಹೊರಗೆ ಬಂದ್ರೆ ಅರ್ಧ ಇಲ್ಲ. ಯಾರೋ ಬ್ಲೇಡಲ್ಲಿ ಕೆರೆದಿದ್ರು. ಇನ್ನೊಂದು ಅಂಟಿಸಿದೆ. ಅದೂ ಹೋಯ್ತು. ಮೂರನೇದೂ ಹೋಯ್ತು. ಅದೇ ಸ್ಟ್ಯಾಂಡಲ್ಲಿ ನಿಂತ ಬೇರೆ ಗಾಡಿಗಳ ಮೇಲೆ ದೇವರಿದ್ವು, ಸಿನಿಮಾ ನಟರಿದ್ರು, ಜಾತಿ ಸಂಘದ ಹೆಸರುಗಳಿದ್ವು. ಎಲ್ಲ ಆರಾಮಾಗಿದ್ವು. ಯಾರು ಮಾಡಿದ್ದು ಅಂತ ಗೊತ್ತಾಗ್ಲಿಲ್ಲ. ದೂರು ಕೊಡೋಣ ಅಂದ್ರೆ, "ಒಂದು ಸ್ಟಿಕ್ಕರಿಗೆ ದೂರಾ ಮೇಡಂ?" ಅಂದ್ರು. ಸ್ಟಿಕ್ಕರಿನ ಬೆಲೆ ಹತ್ತು ರೂಪಾಯಿ, ನಿಜ. ಆದ್ರೆ 2015ರ ಮೇ ತಿಂಗಳಲ್ಲಿ ಶಿರಡಿಯಲ್ಲಿ ಫೋನಿನ ರಿಂಗ್‌ಟೋನಲ್ಲಿ ಬಾಬಾಸಾಹೇಬರ ಹಾಡು ಇಟ್ಕೊಂಡಿದ್ದ ನಮ್ಮ ಹುಡುಗನ್ನ ಹೊಡೆದು ಕೊಂದ್ರು. ರಿಂಗ್‌ಟೋನಿನ ಬೆಲೆ ಎಷ್ಟು? ನಾಲ್ಕನೇ ಸ್ಟಿಕ್ಕರ್ ನಾನು ಅಂಟಿಸ್ಲಿಲ್ಲ. ಇದನ್ನ ಇವತ್ತೇ ಮೊದಲ ಸಲ ಬರೀತಿದೀನಿ. ವೇದಿಕೆ ಮೇಲೆ ಮೈಕ್ ಹಿಡಿದು ಏನೇನೋ ಮಾತಾಡ್ತೀನಿ, ಆದ್ರೆ ನನ್ನ ಸ್ಕೂಟರ್ ಖಾಲಿ ಇದೆ.

ಈಗ ಹುಡುಗನ ವಿಷಯ. ಅಣ್ಣನ ಮಗ. ಹೆಸರು ಬೇಡ, ಅವನು ಕೆಲಸ ಮಾಡೋ ಬೀಚಿನ ಹೆಸರೂ ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಕಳಸದ ಹತ್ತಿರ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ ಹುಟ್ಟಿದವನು. ಮಳೆಗಾಲದಲ್ಲಿ ಭದ್ರಾ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗೋದನ್ನ ಟಿವಿಯಲ್ಲಿ ನೋಡಿರ್ತೀರಿ. ಬೇಸಿಗೆಯಲ್ಲಿ ಅದೇ ಹೊಳೆಯಲ್ಲಿ ಅವನು ಈಜು ಕಲಿತ. ಪಿಯುಸಿ ಮುಗಿಸಿ ಕರಾವಳಿಗೆ ಹೋಟೆಲ್ ಕೆಲಸಕ್ಕೆ ಇಳಿದ. ಅಲ್ಲಿಂದ ಸರ್ಫಿಂಗ್ ಕಲಿಸೋ ಒಂದು ಕಡೆ ಬೋರ್ಡು ತೊಳೆಯೋ ಕೆಲಸ ಸಿಕ್ತು. ತೊಳೀತಾ ತೊಳೀತಾ, ಗಿರಾಕಿಗಳಿಲ್ಲದ ಹೊತ್ತಲ್ಲಿ ಅಲೆ ಮೇಲೆ ನಿಲ್ಲೋದು ಕಲಿತ. ಈಗ ಬೆಂಗಳೂರಿಂದ ಬಂದವರಿಗೆ ಕಲಿಸ್ತಾನೆ.

ನಮಗೆ ಗೊತ್ತಿಲ್ಲದಿದ್ರೂ ಈ ಆಟ ನಮ್ಮ ಕರಾವಳಿಗೆ ಬಂದು ತುಂಬ ದಿನ ಆಯ್ತು. ಮುಲ್ಕಿಯಲ್ಲಿ ಇಪ್ಪತ್ತು ವರ್ಷದ ಹಿಂದೆಯೇ ಶುರುವಾಗಿದೆ. 2016ರಲ್ಲಿ ಸಸಿಹಿತ್ಲು ಬೀಚಿನಲ್ಲಿ ದೇಶಮಟ್ಟದ ಸ್ಪರ್ಧೆಯೇ ನಡೀತು. ಮೂಲದಲ್ಲಿ ಇದು ಹವಾಯಿ ದ್ವೀಪದ ಜನರ ಆಟ. ಅಲ್ಲಿ ಹಿಂದೆ ದೊರೆಗಳಿಗೆ ಓಲೊ ಅನ್ನೋ ಭಾರೀ ಉದ್ದದ ಹಲಗೆ, ಸಾಮಾನ್ಯ ಜನಕ್ಕೆ ಅಲಾಯ ಅನ್ನೋ ತೆಳ್ಳಗಿನ ಗಿಡ್ಡ ಹಲಗೆ. ಹಲಗೆ ನೋಡಿದ್ರೆ ಮನುಷ್ಯನ ಅಂತಸ್ತು ಗೊತ್ತಾಗ್ತಿತ್ತು. ದಕ್ಷಿಣ ಆಫ್ರಿಕಾದಲ್ಲಿ 1953ರಲ್ಲಿ ಬಂದ ಕಾನೂನಿನಿಂದ ಬೀಚುಗಳನ್ನೂ ಬಣ್ಣದ ಮೇಲೆ ಹಂಚಿದ್ರು. ಹುಡುಗ ಇದನ್ನೆಲ್ಲ ಫೋನಲ್ಲಿ ತೋರಿಸಿದಾಗ ನನಗೇನೂ ಆಶ್ಚರ್ಯ ಆಗ್ಲಿಲ್ಲ. ಕೆರೆಗೂ ಬಾವಿಗೂ ಬೇಲಿ ಹಾಕಿದ ಊರಿನವಳು ನಾನು.

ಹೊಸ ಬೋರ್ಡು ತಗೋಬೇಕಂದ್ರೆ ನನ್ನ ಒಂದು ತಿಂಗಳ ಸಂಬಳ ಬೇಕು. ಹಾಗಾಗಿ ತಾನೇ ಮಾಡ್ತೀನಿ ಅಂತ ಮಂಗಳೂರಿಂದ ದಪ್ಪ ಥರ್ಮಾಕೋಲ್ ಶೀಟು, ಫೈಬರ್ ಬಟ್ಟೆ, ರೆಸಿನ್ ತಂದ. ಮಾರ್ಚ್ ತಿಂಗಳು, ಎರಡು ವಾರ ರಜೆ. ಮಧ್ಯಕ್ಕೆ ತೆಳ್ಳಗಿನ ಮರದ ಪಟ್ಟಿ ಕೊಟ್ಟು ಶೀಟುಗಳನ್ನ ಅಂಟಿಸಿ, ಗರಗಸದಲ್ಲಿ ಕೊಯ್ದು, ಉಜ್ಜುಕಾಗದದಲ್ಲಿ ಉಜ್ಜಿ ಉಜ್ಜಿ ಮೀನಿನ ಆಕಾರ ಬರಿಸಿದ. ಮನೆ ತುಂಬ ಬಿಳಿ ಕಾಳು. ಕೋಳಿ ಮರಿಗಳು ಅಕ್ಕಿ ಅಂತ ಹೆಕ್ಕೋಕೆ ಬರ್ತಿದ್ವು, ಅವನ್ನ ಓಡಿಸೋದೇ ಅವ್ವನ ಕೆಲಸ ಆಯ್ತು.

ಮೊದಲು ಒಂದು ತುಂಡಿನ ಮೇಲೆ ಪರೀಕ್ಷೆ ಮಾಡಿದ್ದು ಒಳ್ಳೇದಾಯ್ತು. ಮೀನಿನ ದೋಣಿಗೆ ಹಾಕೋ ಪಾಲಿಯೆಸ್ಟರ್ ರೆಸಿನ್ ಅಗ್ಗ ಅಂತ ಅದನ್ನೇ ತಂದಿದ್ದ. ಸುರಿದ ತಕ್ಷಣ ಥರ್ಮಾಕೋಲ್ ಬಿಸಿ ಅನ್ನಕ್ಕೆ ಹಾಕಿದ ಬೆಲ್ಲದ ಹಾಗೆ ಕರಗಿ ಗುಂಡಿ ಬಿತ್ತು. ಅದರಲ್ಲಿರೋ ಸ್ಟೈರಿನ್ ಥರ್ಮಾಕೋಲನ್ನ ತಿಂದು ಹಾಕುತ್ತೆ. ಥರ್ಮಾಕೋಲಿಗೆ ಎಪಾಕ್ಸಿ ರೆಸಿನ್ನೇ ಆಗಬೇಕು, ಅದು ದುಬಾರಿ. ಆ ದುಡ್ಡು ನಾನು ಕೊಟ್ಟೆ. ಕೊಟ್ಟ ಮೇಲೆ ಹುಡುಗ ಕೇಳಿದ, "ಅತ್ತೆ, ಎಲ್ಲರ ಬೋರ್ಡಿಗೂ ಒಂದು ಲೋಗೊ ಇರುತ್ತೆ. ಮಾಡಿದೋರ ಗುರುತು. ನಂದು ನೀನೇ ಮಾಡು."

ಏನು ಹಾಕ್ಬೇಕು ಅಂತ ಕೇಳಿದೆ. ಅವನು ಯೋಚಿಸಿಟ್ಟಿದ್ದ. ಚಕ್ರ, ಜೈ ಭೀಮ್, ಕೆಳಗೆ ಸಣ್ಣದಾಗಿ "ಲೈನ್ ಮನೆ".

ಲೈನ್ ಮನೆ ಬೇಡ ಅಂದೆ. ಥಟ್ಟನೆ ಅಂದೆ. ನಾವು ಹುಟ್ಟಿದ್ದು ಅಲ್ಲೇ. ಒಂದೇ ಗೋಡೆ, ಹತ್ತು ಬಾಗಿಲು, ಆಚೆ ಮನೆಯವರು ಕೆಮ್ಮಿದ್ರೆ ಈಚೆ ಮಗು ಎದ್ದು ಕೂರೋದು. ಕೆಲಸ ಬಿಟ್ರೆ ಮನೆಯೂ ಬಿಡ್ಬೇಕು. ಅಲ್ಲಿಂದ ಹೊರಗೆ ಬರೋಕೆ ನಮ್ಮವ್ವ ಇಡೀ ಆಯಸ್ಸು ಸವೆಸಿದ್ದಾಳೆ. ಅದನ್ನ ಹೋಗಿ ಹೋಗಿ ಹಲಗೆ ಮೇಲೆ ಬರ್ಕೊಳ್ಳೋದಾ? ಹುಡುಗ ನಕ್ಕ. "ಸಮುದ್ರದಲ್ಲಿ ಎಲ್ಲರೂ ಅಲೆಗೆ ಕಾಯ್ತಾ ಕೂರೋ ಜಾಗಕ್ಕೆ ಲೈನಪ್ ಅಂತಾರೆ ಅತ್ತೆ. ಅಲ್ಲಿಗೆ ಬರೋರು ಅಷ್ಟು ದೂರದಿಂದ ಬರ್ತಾರೆ. ನಾನು ಹುಟ್ಟಿದ್ದೇ ಲೈನಲ್ಲಿ."

ಆಫೀಸಿನ ಫಾರಂಗಳಲ್ಲಿ ಹುಟ್ಟಿದ ಸ್ಥಳ ಅಂತ ಇದ್ದಲ್ಲಿ ನಾನು ಇಷ್ಟು ವರ್ಷ ಬರೀ "ಕಳಸ" ಅಂತ ಬರೆದಿದ್ದು ನೆನಪಾಯ್ತು. ಆ ರಾತ್ರಿ ಅವನಿಗೆ ಏನೂ ಹೇಳ್ಲಿಲ್ಲ.

ಮರುದಿನ ಅಣ್ಣ ಬಂದ. ಅವನ ತಕರಾರು ಬೇರೆ. "ಹಲಗೆ ಮೇಲೆ ನಿಲ್ಲೋದು ಕಾಲಲ್ಲಿ ತಾನೆ? ಬಾಬಾಸಾಹೇಬರ ಹೆಸರನ್ನ ತುಳೀತೀಯೇನೋ?" ಸುಮ್ಮನೆ ಕೂಗಾಡಿದ್ದಲ್ಲ, ಕಣ್ಣಲ್ಲಿ ನೀರಿತ್ತು. ಸಾಹುಕಾರರ ಅಂಗಳದಲ್ಲಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡ್ಕೊಂಡು ನಡೆದವನು ನಮ್ಮಣ್ಣ. ಕಾಲು ಅಂದ್ರೆ ಏನು ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹುಡುಗನೂ ಬಿಡ್ಲಿಲ್ಲ. 1927ರ ಮಾರ್ಚ್ 20ಕ್ಕೆ ಮಹಾಡಿನ ಕೆರೆಯಲ್ಲಿ ನೀರು ಮುಟ್ಟಿದವರ ಹೆಸರು ನೀರಿನ ಮೇಲೆ ಇರಬಾರದಾ ಅಂದ. ಇಬ್ಬರ ಮಾತೂ ನನಗೆ ಸರಿ ಅನ್ನಿಸ್ತು. ಕೇರಿಯ ಇನ್ನಿಬ್ಬರು ಹಿರಿಯರು ಸೇರ್ಕೊಂಡ್ರು. ಭಾವಚಿತ್ರ ಬೇಡ ಅನ್ನೋದಕ್ಕೆ ಎಲ್ಲರೂ ಒಪ್ಪಿದ್ರು, ಹೆಸರಿನ ವಿಷಯ ಮಾತ್ರ ಮಧ್ಯಾಹ್ನದವರೆಗೂ ಬಗೆಹರೀಲಿಲ್ಲ.

ಅವ್ವ ಅಕ್ಕಿ ಆರಿಸ್ತಾ ಕೂತಿದ್ಲು. ಮೊಮ್ಮಗನ್ನ ಕೇಳಿದ್ಲು, "ನೀರಿಗೆ ಬಿದ್ರೆ ಎಂತ ಹಿಡ್ಕೋತೀಯ?"

"ಹಲಗೆನೇ ಅಜ್ಜಿ."

"ಎಲ್ಲಿ ಹಿಡ್ಕೋತೀಯ, ತೋರ್ಸು."

ಅವನು ಬೋರ್ಡನ್ನ ನೆಲಕ್ಕೆ ಹಾಕಿ ಬೋರಲು ಮಲಗಿ ತೋರಿಸಿದ. ಎದೆಯ ಎರಡೂ ಬದಿಗೆ ಅಂಚು ಹಿಡಿದ. ಗದ್ದದ ಮುಂದೆ, ಎರಡು ಕೈಗಳ ನಡುವೆ ಒಂದು ಮೊಳ ಖಾಲಿ ಜಾಗ ಇತ್ತು. ಎದ್ದು ನಿಂತಾಗ ಕಾಲು ಅದಕ್ಕಿಂತ ಹಿಂದೆ ಬೀಳುತ್ತೆ.

"ಅಲ್ಲಿ ಹಾಕು," ಅಂದ್ಲು ಅವ್ವ. ಮತ್ತೆ ಅಕ್ಕಿ ಆರಿಸೋಕೆ ಕೂತಳು. ಅಣ್ಣ ಏನೂ ಮಾತಾಡ್ಲಿಲ್ಲ. ಆದ್ರೆ ಪೆನ್ಸಿಲ್ ತಗೊಂಡು ಆ ಜಾಗಕ್ಕೆ ಗೆರೆ ಹಾಕಿದ್ದು ಅವನೇ.

ಇನ್ನು ಮಾಡಿದ ರೀತಿ. ಮಾಡ್ಬೇಕು ಅನ್ನೋರಿಗೆ ಉಪಯೋಗ ಆಗಲಿ ಅಂತ ತಪ್ಪುಗಳನ್ನೂ ಸೇರಿಸಿ ಬರೀತೀನಿ.

ಪ್ಲಾಸ್ಟಿಕ್ ಸ್ಟಿಕ್ಕರ್ ಆಗಲ್ಲ. ಬೋರ್ಡಿಗೆ ಕಾಲು ಜಾರದ ಹಾಗೆ ಮೇಣ ಉಜ್ತಾರೆ, ಉಪ್ಪುನೀರು, ಬಿಸಿಲು ಬೇರೆ. ಅಂಚು ಏಳೋಕೆ ತುಂಬ ದಿನ ಬೇಡ. ಬೋರ್ಡು ಮಾಡೋರು ಲೋಗೊವನ್ನ ತುಂಬ ತೆಳ್ಳಗಿನ ಕಾಗದದ ಮೇಲೆ ಅಚ್ಚು ಹಾಕಿ, ಫೈಬರ್ ಬಟ್ಟೆಯ ಕೆಳಗೆ ಇಟ್ಟು, ಮೇಲೆ ರೆಸಿನ್ ಹಾಕ್ತಾರೆ. ರೆಸಿನ್ ಕುಡಿದ ಕಾಗದ ಪಾರದರ್ಶಕ ಆಗಿಬಿಡುತ್ತೆ. ಕಾಗದ ಕಾಣಲ್ಲ, ಶಾಯಿ ಮಾತ್ರ ಉಳಿಯುತ್ತೆ. ಹೊರದೇಶದಲ್ಲಿ ಇದಕ್ಕೆ ರೈಸ್ ಪೇಪರ್ ಬಳಸ್ತಾರೆ. ನಮಗೆ ಸಿಕ್ಕಿದ್ದು ಹೊಸ ಚಪ್ಪಲಿ ಡಬ್ಬಿಯಲ್ಲಿ ಮಡಚಿಟ್ಟಿರೋ ಬಿಳಿ ಟಿಶ್ಯೂ ಕಾಗದ. ಹೌದು, ಚಪ್ಪಲಿ ಡಬ್ಬಿದು. ಅಣ್ಣನಿಗೆ ಹೇಳಿಲ್ಲ. ಈಗ ಓದ್ತಾನೆ.

ಮೊದಲು ಡಿಟಿಪಿ ಅಂಗಡಿಯಲ್ಲಿ ಇಂಕ್‌ಜೆಟ್ ಪ್ರಿಂಟ್ ತೆಗೆಸಿದ್ವಿ. ರೆಸಿನ್ ಬ್ರಷ್ ತಾಗಿದ ಕೂಡಲೇ ನೀಲಿ ಬಣ್ಣ ಬಟ್ಟೆಗೆ ಹಾಕೋ ನೀಲಿಯ ಹಾಗೆ ಹರಡಿತು. ಎರಡನೇ ಸಲ ಲೇಸರ್ ಪ್ರಿಂಟ್. ಟಿಶ್ಯೂ ಮಿಷನ್ನಿನೊಳಗೆ ಸುತ್ಕೊಳ್ತು, ಅಂಗಡಿಯವನ ಮುಖ ನೋಡೋ ಹಾಗಿರ್ಲಿಲ್ಲ. ಆಮೇಲೆ ಗಟ್ಟಿ ಎ4 ಹಾಳೆಗೆ ಟಿಶ್ಯೂವಿನ ಮುಂದಿನ ಅಂಚನ್ನ ಟೇಪಿನಲ್ಲಿ ಅಂಟಿಸಿ ಕೊಟ್ಟಾಗ ಬಂತು. ಪರೀಕ್ಷೆಗೆ ಅಂತ ಒಂದು ಪ್ಲೈವುಡ್ ತುಂಡಿನ ಮೇಲೆ ಬಾಬಾಸಾಹೇಬರ ಫೋಟೊ ಇಟ್ಟು ರೆಸಿನ್ ಹಾಕಿದ್ರೆ, ಅವರ ಬಿಳಿ ಷರಟು ಮರದ ಬಣ್ಣಕ್ಕೆ ತಿರುಗಿತು. ಬಿಳಿ ಅಂತ ನಾವು ನೋಡ್ತಿರೋದು ಕಾಗದದ ಬಿಳಿ, ಶಾಯಿದಲ್ಲ. ಕಾಗದ ಮಾಯವಾದ್ರೆ ಬಿಳಿಯೂ ಮಾಯ. ಲೋಗೊ ಮಾಡೋರು ಇದನ್ನ ನೆನಪಿಟ್ಕೊಳ್ಳಿ, ಕೆಳಗೆ ಯಾವ ಬಣ್ಣ ಇದೆಯೋ ಅದೇ ನಿಮ್ಮ ಬಿಳಿ.

ಕೊನೆಗೆ ಅಟ್ಟದಿಂದ ನನ್ನ ಹಳೇ ಸ್ಕ್ರೀನ್ ಚೌಕಟ್ಟು ಇಳಿಸಿದೆ. ಲೇಸರಿನ ನೀಲಿ ತೆಳುವಾಗಿತ್ತು, ನನಗೆ ಗಟ್ಟಿ ನೀಲಿ ಬೇಕಿತ್ತು. ಚಕ್ರ ಬರೆಯೋಕೆ ಕೋನಮಾಪಕ ಹಿಡಿದೆ. 24 ಗೆರೆ, ಒಂದರಿಂದ ಒಂದಕ್ಕೆ 15 ಡಿಗ್ರಿ. ಆಮೇಲೆ ಅಕ್ಷರ. ಕಂಪ್ಯೂಟರಿನ ಫಾಂಟ್ ಬೇಡ ಅನ್ನಿಸ್ತು. ಟ್ರಂಕಿನಿಂದ ಅಪ್ಪನ ತಗಡು ತೆಗೆದೆ. ಕನ್ನಡದ ಅಕ್ಷರಕ್ಕೆ ಹೊಟ್ಟೆ ಜಾಸ್ತಿ, ಎಲ್ಲ ಕಡೆ ಉದುರುತ್ತೆ. ಅಪ್ಪ ಪ್ರತಿ ಸೊನ್ನೆಗೂ ಬಲಗಡೆ ಮೇಲೆ ಒಂದು ಕೊಂಡಿ ಬಿಟ್ಟಿದ್ದ, ಎಲ್ಲವೂ ಒಂದೇ ಓರೆಯಲ್ಲಿ. ನೋಡ್ತಾ ನೋಡ್ತಾ ಅವನ ಕೈ ಎಲ್ಲಿ ತಿರುಗಿದೆ ಅಂತ ಗೊತ್ತಾಗೋಕೆ ಶುರುವಾಯ್ತು. ಅದೇ ಓರೆಯಲ್ಲಿ "ಜೈ ಭೀಮ್" ಬರೆದೆ. ಅದರ ಕೆಳಗೆ, ಯಾರೂ ಕೇಳದೆ, "ಲೈನ್ ಮನೆ" ಅಂತ ಬರೆದೆ. ಸ್ಕ್ರೀನಿಗೆ ಕೊಂಡಿ ಬೇಕಾಗಿಲ್ಲ, ಜಾಲರಿಯೇ ಹಿಡ್ಕೊಳ್ಳುತ್ತೆ. ಆದ್ರೂ ಬಿಟ್ಟೆ.

ಟಿಶ್ಯೂ ಮೇಲೆ ಶಾಯಿ ಎಳೆದು ಒಂದು ಇಡೀ ದಿನ ಒಣಗಿಸಿದ್ವಿ. ಹಸಿ ಇದ್ರೆ ಕೆಟ್ಟಿತು. ಕತ್ತರಿಯಲ್ಲಿ ಕತ್ತರಿಸದೆ, ಅಂಚನ್ನ ಒದ್ದೆ ಬೆರಳಿಂದ ನೆನೆಸಿ ಹರಿದ್ವಿ. ಹರಿದ ಅಂಚು ಬೇಗ ಕರಗುತ್ತೆ, ಗೆರೆ ಕಾಣಲ್ಲ. ಎಪಾಕ್ಸಿಯನ್ನ ಡಬ್ಬಿ ಮೇಲೆ ಬರೆದ ಅಳತೆಗೇ ಕಲಸಬೇಕು, ಅಂದಾಜಿಗೆ ಹಾಕಿದ್ರೆ ಜನ್ಮದಲ್ಲಿ ಗಟ್ಟಿಯಾಗಲ್ಲ. ಒಂದೇ ಲೋಟದಲ್ಲಿ ಜಾಸ್ತಿ ಕಲಸಿಟ್ರೆ ತಾನಾಗೇ ಕಾದು ಹೊಗೆ ಬರುತ್ತೆ. ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಬೇಕೇ ಬೇಕು. ಮೊದಲು ಹಲಗೆ ಮೇಲೆ ಸ್ವಲ್ಪ ರೆಸಿನ್ ಸವರಿ, ಅದರ ಮೇಲೆ ಕಾಗದ ಇಳಿಸಿ, ನಡುವಿನಿಂದ ಅಂಚಿನ ಕಡೆಗೆ ಬ್ರಷ್ ಎಳೆದು ಗಾಳಿ ಹೊರಗೆ ಹಾಕ್ಬೇಕು. ಗಾಳಿ ಉಳಿದ ಕಡೆ ಬಿಳಿ ಗುಳ್ಳೆ. ಆಮೇಲೆ ಇಡೀ ಹಲಗೆಗೆ ಫೈಬರ್ ಬಟ್ಟೆ ಹೊದಿಸಿ ಮತ್ತೆ ರೆಸಿನ್ ಸುರಿದು, ನನ್ನ ಸ್ಕ್ರೀನಿನ ರಬ್ಬರ್ ಪಟ್ಟಿಯಿಂದಲೇ ಎಳೆದ್ವಿ.

ಬಟ್ಟೆ ಬೆಳ್ಳಗಿತ್ತು, ಕಾಗದ ಬೆಳ್ಳಗಿತ್ತು. ಪಟ್ಟಿ ಎಳೆದ ಹಾಗೆ ಎರಡೂ ಕರಗಿ ಹೋಗಿ, ಕೆಳಗಿಂದ ನೀಲಿ ಚಕ್ರ ಮೇಲೆದ್ದು ಬಂತು. ಹುಡುಗ "ಅತ್ತೇ" ಅಂತ ಕಿರುಚಿದ. ಅವ್ವ ಎದ್ದು ಬಂದು ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿದ್ಲು. ಅವಳಿಗೂ ಓದು ಬರಲ್ಲ. "ಲೈನ್ ಮನೆ"ಯ ಮೇಲೆ ಬೆರಳು ತೋರಿಸಿ ಅಂದ್ಲು, "ಇದು ನಿಮ್ಮಪ್ಪನ ಅಕ್ಷರ."

ಅವತ್ತು ಸಂಜೆ ನಾಲ್ಕಕ್ಕೆ ಹೂಮಳೆ ಬಂತು. ಪ್ಲಾಂಟರುಗಳೆಲ್ಲ ಒಂದು ಇಂಚು, ಒಂದೂಕಾಲು ಇಂಚು ಅಂತ ಫೋನಲ್ಲಿ ಸಂಭ್ರಮ ಪಡ್ತಿದ್ರೆ, ನಾವು ತಗಡಿನ ಕೆಳಗೆ ಟಾರ್ಪಾಲು ಹಿಡಿದು ನಿಂತಿದ್ವಿ. ತೇವಕ್ಕೆ ರೆಸಿನ್ ಮೇಲೆ ಬೆಳ್ಳಗೆ ಜಿಡ್ಡು ಕಟ್ತು. ಗಟ್ಟಿಯಾದ ಮೇಲೆ ಬೆಚ್ಚನೆ ನೀರಲ್ಲಿ ಒರೆಸಿದ್ರೆ ಹೋಗುತ್ತೆ ಅಂತ ಆಮೇಲೆ ಗೊತ್ತಾಯ್ತು. ಆದ್ರೆ ಗಡಿಬಿಡಿಯಲ್ಲಿ ಒಂದು ಗೆರೆಯ ಕೆಳಗೆ ಗಾಳಿ ಉಳೀತು. ಫೋಟೊ ದೊಡ್ಡದು ಮಾಡಿ ನೋಡಿದ್ರೆ, ಕೆಳಗೆ ಎಡಗಡೆಯ ಗೆರೆ ಅರ್ಧ ಬಿಳಿ ಇದೆ. ಕೆರೆದು ತೆಗೀಬೇಕಂದ್ರೆ ಬಟ್ಟೆಯನ್ನೇ ಕೊಯ್ಯಬೇಕು. ಹಾಗೇ ಬಿಟ್ವಿ.

ಏಪ್ರಿಲ್ 14ಕ್ಕೆ ನೀರಿಗಿಳಿಸೋದು ಅಂತ ತೀರ್ಮಾನ ಆಗಿತ್ತು. ಬಸ್ಸಲ್ಲಿ ಏಳೂವರೆ ಅಡಿ ಯಾರು ಹತ್ತಿಸ್ತಾರೆ? ತರಕಾರಿ ಪಿಕಪ್ಪಿನಲ್ಲಿ ಹಿಂದಿನ ದಿನ ರಾತ್ರಿ ಕಳಸ, ಕುದುರೆಮುಖ, ಎಸ್.ಕೆ. ಬಾರ್ಡರ್ ದಾಟಿ ಕಾರ್ಕಳದ ಕಡೆ ಇಳಿದ್ವಿ. ಕುದುರೆಮುಖದಲ್ಲಿ ಗಣಿ ಇದ್ದಾಗ ಅದಿರನ್ನ ನೀರಲ್ಲಿ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಪಣಂಬೂರಿಗೆ ಕಳಿಸ್ತಿದ್ರು. 2005ರ ಕೊನೆಗೆ ಅದು ನಿಂತಿತು. ಗುಡ್ಡದಿಂದ ಅದಿರು ಹೋಯ್ತು, ಕಾಫಿ ಹೋಯ್ತು, ಏಲಕ್ಕಿ ಹೋಯ್ತು, ಎಲ್ಲ ಸಮುದ್ರ ಸೇರಿ ಹಡಗು ಹತ್ತಿದ್ವು. ನಮ್ಮವರ ಹೆಸರು ಹೊತ್ತ ಒಂದು ವಸ್ತು ಸಮುದ್ರಕ್ಕೆ ಹೋಗೋದನ್ನ ನಾನು ನೋಡಿದ್ದು ಇದೇ ಮೊದಲು.

ಬೆಳಿಗ್ಗೆ ಆರಕ್ಕೆ ಬೀಚಿನಲ್ಲಿದ್ವಿ. ಹುಡುಗನ ಧಣಿ ಬಂದ್ರು. ಕೆಟ್ಟ ಮನುಷ್ಯ ಅಲ್ಲ, ಹುಡುಗನಿಗೆ ಈ ವಿದ್ಯೆ ಕಲಿಯೋಕೆ ಬಿಟ್ಟೋರೇ ಅವರು. ಬೋರ್ಡ್ ಎತ್ತಿ ನೋಡಿದ್ರು, ತೂಕ ನೋಡಿದ್ರು, ಅಂಚು ಸವರಿ "ಒಳ್ಳೆ ಕೆಲಸ" ಅಂದ್ರು. ಆಮೇಲೆ ಚಕ್ರ ನೋಡಿದ್ರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದೊಂದು ತೆಗೆದುಬಿಡು ಮಾರಾಯ, ಗಿರಾಕಿಗಳು ಕೇಳ್ತಾರೆ. ಇಲ್ಲಿ ರಾಜಕೀಯ ಬೇಡ" ಅಂದ್ರು. ಅವರ ಹಿಂದಿನ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತ ಬೋರ್ಡುಗಳ ಮೇಲೆ ಓಂ ಇತ್ತು, ವಿದೇಶಿ ಕಂಪನಿಗಳ ಹೆಸರಿತ್ತು, ತಲೆಬುರುಡೆಯ ಚಿತ್ರವೂ ಇತ್ತು.

ನನ್ನ ಬಾಯಿಗೆ ಭಾಷಣ ಬಂತು. ಹುಡುಗ ನನ್ನ ಕಡೆ ನೋಡದೆ, ತುಂಬ ಮೆತ್ತಗೆ ಹೇಳಿದ. "ತೆಗೆಯೋಕೆ ಬರಲ್ಲ ಸರ್. ಅಂಟಿಸಿಲ್ಲ. ಒಳಗಿದೆ."

ಅವರು ಉಗುರಿಂದ ಗೀರಿ ನೋಡಿದ್ರು. ನಿಜವಾಗಿಯೂ ಗೀರಿದ್ರು. ಉಗುರು ಜಾರಿತು.

ಗೆದ್ವಿ ಅಂತ ಬರೆಯೋಕೆ ಆಸೆ. ಆಗಲ್ಲ. ಕ್ಲಾಸ್ ಹೊತ್ತಲ್ಲಿ ಈ ಬೋರ್ಡ್ ತರಬೇಡ, ನಿನ್ನ ಸಮಯದಲ್ಲಿ ಏನಾದ್ರೂ ಮಾಡ್ಕೋ ಅಂದ್ರು. ಹುಡುಗ ಸರಿ ಅಂದ. ಹೊಟ್ಟೆಪಾಡು. ಅದಕ್ಕೇ ಊರಿನ ಹೆಸರು ಬರೆದಿಲ್ಲ. ದಿನಾ ಬೆಳಿಗ್ಗೆ ಏಳರೊಳಗೆ ಒಂದು ಗಂಟೆ ಅವನು ಅದರ ಮೇಲೆ ಇರ್ತಾನೆ, ಆಮೇಲೆ ಗೋಣಿ ಹೊದಿಸಿ ಇಡ್ತಾನೆ.

ಅವತ್ತು ಅವನು ಬೋರಲು ಮಲಗಿ ಕೈಯಲ್ಲಿ ನೀರು ಹುಟ್ಟು ಹಾಕ್ತಾ ಹೋಗಿದ್ದನ್ನ ನಾನೂ ಅಣ್ಣನೂ ಮೊಣಕಾಲುದ್ದ ನೀರಲ್ಲಿ ನಿಂತು ನೋಡಿದ್ವಿ. ಅಣ್ಣನ ಕಣ್ಣು ಮಗನ ಮುಖದ ಮೇಲಲ್ಲ, ಕಾಲಿನ ಮೇಲೆ. ಮೊದಲ ಎರಡು ಅಲೆಗೆ ಬಿದ್ದ, ಹಲಗೆ ಹಿಡ್ಕೊಂಡು ಎದ್ದ. ಮೂರನೇದಕ್ಕೆ ನಿಂತ. ಕಾಲು ಚಕ್ರಕ್ಕಿಂತ ಒಂದು ಗೇಣು ಹಿಂದೆ ಇತ್ತು. ಅಣ್ಣ ಉಸಿರು ಬಿಟ್ಟ. ಆಟದಲ್ಲಿ ಪಳಗಿದ ಮೇಲೆ ಹಲಗೆಯ ಮೂತಿಯವರೆಗೂ ನಡ್ಕೊಂಡು ಹೋಗೋರು ಇದಾರಂತೆ. ಹುಡುಗ ಅದನ್ನ ಇನ್ನೂ ಕಲಿತಿಲ್ಲ. ಕಲಿತಾಗ ಮನೆಯಲ್ಲಿ ಇನ್ನೊಂದು ಪಂಚಾಯ್ತಿ ಇದೆ.

ಮೂಡಿಗೆರೆಗೆ ವಾಪಸ್ ಬಂದ ಮೇಲೆ ಒಂದು ಕೆಲಸ ಮಾಡಿದೆ. ಉಳಿದಿದ್ದ ಟಿಶ್ಯೂ, ಉಳಿದಿದ್ದ ಅರ್ಧ ಲೋಟ ರೆಸಿನ್. ಸ್ಕೂಟರಿನ ಮುಂದೆ, ಹಳೇ ಮೂರು ಸ್ಟಿಕ್ಕರುಗಳ ಗೀರು ಇದ್ದ ಕಡೆ ಉಜ್ಜುಕಾಗದ ಹಾಕಿ ಬಣ್ಣ ಕೆರೆದೆ. ಸಣ್ಣ ಫೈಬರ್ ತುಂಡಿನ ಕೆಳಗೆ ಚಕ್ರ ಇಟ್ಟೆ. ಸೋಮವಾರ ಅದೇ ಸ್ಟ್ಯಾಂಡಲ್ಲಿ ನಿಲ್ಲಿಸಿದೆ. ಹತ್ತು ದಿನ ಆಯ್ತು. ಮೊನ್ನೆ ಅದರ ಮೇಲೆ ಬ್ಲೇಡಿನ ಎರಡು ಗೀರು ಕಂಡ್ವು. ಮೇಲೆ ಮೇಲೆ, ಅಷ್ಟೇ.

ಸ್ಕ್ರೀನ್ ಇನ್ನೂ ತೊಳೆದಿಲ್ಲ, ಇಟ್ಟಿದೀನಿ. ಬೈಕಿಗೆ, ಹೆಲ್ಮೆಟ್ಟಿಗೆ, ಮನೆ ನಂಬರಿನ ಬೋರ್ಡಿಗೆ ಯಾರಿಗಾದ್ರೂ ಬೇಕಿದ್ರೆ ಭಾನುವಾರ ಮನೆಗೆ ಬನ್ನಿ. ಟಿಶ್ಯೂ ಕಾಗದ ನೀವೇ ತನ್ನಿ. ಮಕ್ಕಳನ್ನ ಕರ್ಕೊಂಡು ಬನ್ನಿ, ಅವರ ಹೆಸರಿನ ಅಚ್ಚು ಕತ್ತರಿಸೋದು ಹೇಳಿಕೊಡ್ತೀನಿ. ಡಬ್ಬಿ ತಗಡು ನನ್ನ ಹತ್ರ ಇದೆ.

ಜೈ ಭೀಮ್.